ಹೊನ್ನಜ್ಜಿ ನಕ್ಕ ಗೋಡೆ

ಪಕ್ಕದ ಮನೆಯ ಚೆಲುವಯ್ಯ ತನ್ನ ಮಗಳ ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಗೋಡೆ ಕೆರೆಯಲು ಶುರು ಮಾಡಿದ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ರವಿಕೆಗೆ ತೋಳು ಕೂರಿಸುತ್ತಿದ್ದೆ. ಕರಣೆಯ ಕರಕರ ಸದ್ದು ಹಲ್ಲಿನ ಬುಡಕ್ಕೇ ಬಂದು ತಾಗುತ್ತಿತ್ತು. ಏನು ನಡೆಯುತ್ತಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮೂರಿನಲ್ಲಿ ಗೋಡೆ ಕೆರೆಯುವುದು ಎರಡೇ ಕಾರಣಕ್ಕೆ. ಮನೆಯಲ್ಲಿ ಯಾರಾದರೂ ತೀರಿಕೊಂಡು, ಅವರ ನಗು ಕಿವಿಗೆ ಬಿದ್ದರೆ ತಡೆಯಲಾಗದು ಎನ್ನುವವರು ಕೆರೆಸುತ್ತಾರೆ. ಇಲ್ಲವೇ ಮಕ್ಕಳನ್ನು ಕಾಲೇಜಿಗೆ ಸೇರಿಸಬೇಕಾದವರು ಕೆರೆಸುತ್ತಾರೆ. ಚೆಲುವಯ್ಯನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ನಮ್ಮೂರಿನ ಗೋಡೆಗಳಲ್ಲಿ ನಗು ನಿಲ್ಲುತ್ತದೆ. ಅಳು ನಿಲ್ಲುವುದಿಲ್ಲ, ಮಾತು ನಿಲ್ಲುವುದಿಲ್ಲ, ಬೈಗುಳವಂತೂ ಇಲ್ಲವೇ ಇಲ್ಲ. ಬೈಗುಳ ನಿಲ್ಲುವಂತಿದ್ದರೆ ನನ್ನ ಮನೆ ಎಂದೋ ಬಿರುಕು ಬಿಟ್ಟು ಕೂರುತ್ತಿತ್ತು. ನಗು ಮಾತ್ರ ಸುಣ್ಣಕ್ಕೆ ಹತ್ತಿಕೊಂಡು ಹಾಗೇ ಉಳಿಯುತ್ತದೆ, ಕಿವಿಯಿಟ್ಟರೆ ಕೇಳುತ್ತದೆ. ಅದಕ್ಕೇ ನಮ್ಮಲ್ಲಿ ಸತ್ತವರ ಫೋಟೋ ತೂಗುಹಾಕುವ ಪದ್ಧತಿ ಇಲ್ಲ. ತಿಥಿಯ ದಿನ ಎಡೆ ಇಟ್ಟಾದ ಮೇಲೆ ಮನೆಮಂದಿ ಒಬ್ಬೊಬ್ಬರಾಗಿ ಹೋಗಿ, ಸತ್ತವರು ಕೂರುತ್ತಿದ್ದ ಜಾಗದ ಗೋಡೆಗೆ ಕಿವಿಯಿಟ್ಟು ಬರುತ್ತಾರೆ. ನನ್ನ ಗಂಡ ತೀರಿಕೊಂಡಾಗ ನಾನೂ ಇಟ್ಟೆ. ಪುಣ್ಯಾತ್ಮ ಬದುಕಿದ್ದಾಗ ನಕ್ಕಿದ್ದರೆ ತಾನೇ? ಕಿವಿಗೆ ಸುಣ್ಣ ಮೆತ್ತಿಕೊಂಡಿತು, ಅಷ್ಟೇ.

ಓದಲು ಹೊರ ಊರಿಗೆ ಹೋಗುವ ಮಕ್ಕಳಿಗೆ ನಮ್ಮಲ್ಲಿರುವುದು ಒಂದೇ ದಾರಿ, ಸಂಕಪ್ಪಶೆಟ್ಟರ ವಿದ್ಯಾನಿಧಿ. ಶೆಟ್ಟರು ಸಾಯುವಾಗ ತಮ್ಮ ಆಸ್ತಿಯನ್ನೆಲ್ಲ ಕಷ್ಟದಲ್ಲಿರುವ ಮನೆಯ ಮಕ್ಕಳಿಗೆಂದು ಬಿಟ್ಟುಹೋದರು. ಕಷ್ಟ ಎಂದರೆ ಯಾವುದು, ಅದನ್ನು ಅಳೆಯುವುದು ಹೇಗೆ ಎಂದು ಮಾತ್ರ ಹೇಳಿ ಹೋಗಲಿಲ್ಲ. ಮೊದಮೊದಲು ನಿಧಿಯವರು ಆದಾಯದ ಪ್ರಮಾಣಪತ್ರ ಕೇಳುತ್ತಿದ್ದರಂತೆ. ಅಕ್ಕಿ ಗಿರಣಿ ಇದ್ದವರೂ, ಮನೆ ಮುಂದೆ ಲಾರಿ ನಿಲ್ಲಿಸಿಕೊಂಡವರೂ ಕೂಲಿಕಾರರೆಂದು ಬರೆಸಿಕೊಂಡು ಬಂದರು. ಆಗ ನಿಧಿಯವರು ಕೂತು ಯೋಚಿಸಿ, ಕಾಗದ ಸುಳ್ಳು ಹೇಳುತ್ತದೆ, ಗೋಡೆ ಹೇಳುವುದಿಲ್ಲ ಎಂದು ತೀರ್ಮಾನಿಸಿದರು. ನಗುವ ಮನೆಗೆ ಕಷ್ಟವೆಲ್ಲಿಯದು? ಅಂದಿನಿಂದ ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ನಿಧಿಯ ಕೇಳುಗರು ಜೀಪಿನಲ್ಲಿ ಬಂದು ಮನೆಮನೆಯ ಗೋಡೆಗೆ ಕಿವಿಯಿಡುತ್ತಾರೆ. ಯಾವ ಗೋಡೆ ಸದ್ದಿಲ್ಲದೆ ಇರುತ್ತದೆಯೋ ಆ ಮನೆಯ ಮಗುವಿಗೆ ಫೀಸು, ಹಾಸ್ಟೆಲು, ಪುಸ್ತಕ ಎಲ್ಲ. ಒಂದು ಪಿಸುನಗು ಕೇಳಿದರೂ ಸಾಕು, ಜೀಪು ಮುಂದಿನ ಮನೆಗೆ ಹೋಗುತ್ತದೆ.

ಇದರಿಂದ ಬಡವರಿಗೆ ಅನುಕೂಲವಾಯಿತೇ ಎಂದು ಮಾತ್ರ ಕೇಳಬೇಡಿ, ನನಗೆ ಮೈಯೆಲ್ಲ ಉರಿಯುತ್ತದೆ. ಅದರ ಹಿಂದಿನ ವರ್ಷ ನಿಧಿ ಸಿಕ್ಕಿದ್ದು ಕಂಟ್ರಾಕ್ಟರ್ ಮುರಿಗೆಪ್ಪನ ಮಗನಿಗೆ. ಆತ ಫಲಿತಾಂಶದ ಹೊತ್ತಿಗೆ ಸರಿಯಾಗಿ ಹೊಸ ಬಂಗಲೆ ಕಟ್ಟಿಸಿದ. ಹಸಿ ಗೋಡೆ, ಒಳಗೆ ಇನ್ನೂ ಒಬ್ಬರೂ ನಕ್ಕಿಲ್ಲ. ಕೇಳುಗರು ಅಮೃತಶಿಲೆಯ ಮೆಟ್ಟಿಲು ಹತ್ತಿ ಹೋಗಿ ಕಿವಿಯಿಟ್ಟು, ಇಂಥ ದುಃಖದ ಮನೆಯನ್ನೇ ನೋಡಿಲ್ಲವೆಂದು ಕಣ್ಣೊರೆಸಿಕೊಂಡು ಬಂದರು. ನಮ್ಮ ಬೀದಿಯಲ್ಲಿರುವುದು ಅಜ್ಜ ಮುತ್ತಜ್ಜರ ಕಾಲದ ಗೋಡೆಗಳು. ಇಲ್ಲದವರು ಮನೆಯೊಳಗೆ ನಗದೆ ಇನ್ನೇನು ಮಾಡುತ್ತಾರೆ? ದುಡ್ಡು ಕೊಡದೆ ಸಿಗುವುದು ಅದೊಂದೇ.

ಹಾಗಾಗಿ ಮಕ್ಕಳು ಎಸ್ಸೆಸ್ಸೆಲ್ಸಿ ದಾಟುತ್ತಿದ್ದಂತೆ ನಮ್ಮ ಮನೆಗಳು ಬಾಯಿಗೆ ಬೀಗ ಹಾಕಿಕೊಳ್ಳುತ್ತವೆ. ನಗು ಬಂದವರು ಊಟದ ತಟ್ಟೆ ಬಿಟ್ಟು ಬೀದಿಗೆ ಓಡಿಬರುತ್ತಾರೆ. ಬಯಲಲ್ಲಿ ನಕ್ಕದ್ದು ಎಲ್ಲಿಯೂ ಹತ್ತುವುದಿಲ್ಲ. ಹಾಲು ಕುಡಿಯುವ ಕೂಸುಗಳಿದ್ದರೆ ತಾಯಿ ಸಮೇತ ತವರಿಗೆ ಕಳಿಸುತ್ತಾರೆ. ಸಂಜೆಯ ಆಟಕ್ಕೆ ಟಾಕೀಸಿನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು. ಪರದೆಯ ಮೇಲೆ ಹೆಣ ಬಿದ್ದಿದ್ದರೂ ಹೊಟ್ಟೆ ತುಂಬ ನಕ್ಕು, ಹಗುರಾಗಿ, ಮುಖ ಗಂಟು ಹಾಕಿಕೊಂಡು ಮನೆ ಸೇರುತ್ತಾರೆ.

ಆ ಟಾಕೀಸಿನ ಎದುರು ಸೈಕಲ್ ಸ್ಟ್ಯಾಂಡ್ ನಡೆಸುವವನು ಚೆಲುವಯ್ಯ. ಹೆಂಡತಿ ಸಾಕಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಇರುವ ಒಬ್ಬಳೇ ಮಗಳು ಕೋಮಲ. ಆ ಹುಡುಗಿಗೆ ಚಿಕ್ಕಂದಿನಿಂದಲೂ ದನದ ಡಾಕ್ಟರಾಗುವ ಹುಚ್ಚು. ಕಾಲು ಮುರಿದ ಬೀದಿನಾಯಿಗೆ ನನ್ನ ಹೊಸ ಲೈನಿಂಗ್ ಬಟ್ಟೆಯನ್ನೇ ಹರಿದು ಕಟ್ಟಿದವಳು ಅವಳು. ನಾನು ಕೂಗಾಡಿದ್ದಕ್ಕೆ, "ಅಮ್ಮಣ್ಣಿ ಅತ್ತೆ, ನಾಯಿ ಓಡಾಡಂಗಾದ್ರೆ ನಿಮ್ ಬಟ್ಟೆ ಒಗ್ದು ಕೊಡ್ತೀನಿ" ಎಂದಿದ್ದಳು. ನನ್ನ ಪೂರ್ತಿ ಹೆಸರು ರಾಜಮ್ಮಣ್ಣಿ, ಬೀದಿಗೆಲ್ಲ ನಾನು ಅಮ್ಮಣ್ಣಿ. ನಾಯಿ ಓಡಾಡಿತು, ಬಟ್ಟೆಯೂ ಬಂತು. ಪರೀಕ್ಷೆಯ ಫಲಿತಾಂಶ ಬಂದಾಗ ಅವಳಿಗೆ ದೂರದೂರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಗಡುವಿನೊಳಗೆ ಫೀಸು ಕಟ್ಟದಿದ್ದರೆ ಸೀಟು ಹಿಂದಿನವರಿಗೆ. ಬ್ಯಾಂಕಿನವರು ಸಾಲಕ್ಕೆ ಜಾಮೀನು ಏನಿದೆ ಎಂದು ಕೇಳಿದರು. ಸ್ಟ್ಯಾಂಡಿನಲ್ಲಿ ನಿಂತ ಸೈಕಲ್‌ಗಳೆಲ್ಲ ಬೇರೆಯವರವು. ಉಳಿದದ್ದು ನಿಧಿ ಒಂದೇ.

ಆದರೆ ಆ ಮನೆಯಲ್ಲಿ ಹೊನ್ನಜ್ಜಿ ಇದ್ದಳು. ಚೆಲುವಯ್ಯನ ತಾಯಿ. ಇಡೀ ಊರಿನಲ್ಲಿ ಅವಳಷ್ಟು ನಕ್ಕವರಿಲ್ಲ. ನಗು ಹೊಟ್ಟೆಯಿಂದ ಎದ್ದು, ಕೆಮ್ಮಿಗೆ ತಿರುಗಿ, ಮತ್ತೆ ನಗುವಾಗಿ, ಕೊನೆಗೆ "ಅಯ್ಯೋ ಶಿವನೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಲ್ಲಿಗೆ ಬಂದು ನಿಲ್ಲುತ್ತಿತ್ತು. ಮದುವೆಯಾಗಿ ಬಂದ ದಿನ ಬಾಗಿಲ ಪಟ್ಟಿ ಹಣೆಗೆ ಬಡಿದು ಗಂಡ ಕುಕ್ಕರಿಸಿದ್ದನ್ನು ಕಂಡು ಅವಳು ನಕ್ಕಿದ್ದು ಇನ್ನೂ ನಡುಮನೆಯ ಗೋಡೆಯಲ್ಲಿತ್ತು. ಮೇಲುಮೇಲಿನ ಸುಣ್ಣ ಕೆರೆದರೆ ಹೋಗುವಂಥದ್ದಲ್ಲ, ಇಟ್ಟಿಗೆಯವರೆಗೂ ಇಳಿದಿತ್ತು. ಚೆಲುವಯ್ಯ ಇಟ್ಟಿಗೆಯವರೆಗೂ ಕೆರೆದ. ಉದುರಿದ ಗಾರೆಯನ್ನು ಸಾಕಮ್ಮ ಮಕ್ಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಳು. ಒಂದೆರಡು ದಿನ ತಿಪ್ಪೆಯ ಹತ್ತಿರ ಓಡಾಡಿದವರ ಕಿವಿಗೆ ಅಜ್ಜಿಯ ನಗು ಚೂರುಚೂರಾಗಿ ಬೀಳುತ್ತಿತ್ತು.

ಅಜ್ಜಿಗೆ ಇದರಿಂದ ಬೇಸರವಾಗಲಿಲ್ಲ. ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಮಗನಿಗೆ ಜಾಗ ತೋರಿಸುತ್ತಿದ್ದಳು. "ಆ ಮೂಲೇಲಿ ನನ್ ಮದ್ವೆ ದಿನದ್ದು ಅದೆ ಕಣ್ಲಾ, ಬುಟ್ಟೀಯ. ನೀನು ಹುಟ್ಟಿದ್ದು ಕಿಟ್ಕಿ ಕೆಳಗೆ ನೋಡು. ಕೋತಿ ಮರಿ ಅಂದ್ಕಂಡಿದ್ದೆ ನಿನ್ನ" ಎಂದು ಹೇಳಿ, ಅದನ್ನು ನೆನೆಸಿಕೊಂಡು ಅಲ್ಲೇ ನಕ್ಕುಬಿಟ್ಟಳು. ಆಗತಾನೆ ಕೆರೆದು ಮುಗಿಸಿದ್ದ ಇಟ್ಟಿಗೆಗೆ ಹೊಸ ನಗು ಹತ್ತಿಕೊಂಡಿತು. ಸಾಕಮ್ಮ ಮಕ್ಕರಿ ಕೆಳಗಿಟ್ಟು ಅಳತೊಡಗಿದಳು. ಚೆಲುವಯ್ಯ ಮತ್ತೆ ಕರಣೆ ಎತ್ತಿಕೊಂಡ.

ಅದೇ ಸಂಜೆ ಸಾಕಮ್ಮ ನನ್ನ ಮನೆಗೆ ಬಂದಳು. "ಅಮ್ಮಣ್ಣಿ, ನಿಮ್ ಕಾಲಿಗ್ ಬೀಳ್ತೀನಿ. ಕೇಳೋರು ಬಂದು ಹೋಗಗಂಟ ಅತ್ತೇನ ನಿಮ್ಮನೇಲಿ ಇಟ್ಕಳಿ."

"ನಿಮ್ಮತ್ತೇನು ಅಂಟುರೋಗವೇನೆ?" ಎಂದೆ.

"ಅದ್ಕಿಂತ ಹೆಚ್ಚು. ಬಾಯಿಗ್ ಬಟ್ಟೆ ಕಟ್ಕತೀನಿ ಅಂತ ಕಟ್ಕಂಡ್ರು. ಕನ್ನಡೀಲಿ ತನ್ನ ಮೂತಿ ನೋಡ್ಕಂಡು ಅದ್ಕೂ ನಕ್ಕುದ್ರು."

ನನಗೆ ಮಕ್ಕಳಿಲ್ಲ, ನಿಧಿಯ ಹಂಗಿಲ್ಲ. ನನ್ನ ಗೋಡೆಯಲ್ಲಿ ಯಾರು ನಕ್ಕರೂ ಕೇಳುವವರಿಲ್ಲ. ಒಂದೇ ಕಷ್ಟವೆಂದರೆ, ನನ್ನ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಈ ಕಡೆ ನಕ್ಕದ್ದು ಆ ಕಡೆಗೂ ಹಾಯುತ್ತದೆ. ಹಾಗಾಗಿ ಅಜ್ಜಿ ಆ ಗೋಡೆಯ ಹತ್ತಿರ ಸುಳಿಯಬಾರದು, ಇನ್ನೊಂದು ತುದಿಯ ಅಡುಗೆಮನೆಯಲ್ಲೇ ಇರಬೇಕು ಎಂದು ಸಾಕಮ್ಮ ಕರಾರು ಹಾಕಿದಳು. ಅಜ್ಜಿ ಎಲೆಯಡಿಕೆ ಚೀಲ, ಎರಡು ಸೀರೆ ಹಿಡಿದುಕೊಂಡು ಬಂದಳು. "ಹತ್ತು ಹೆಜ್ಜೆ ಇಲ್ಲ, ಬಾಣಂತನಕ್ಕೆ ಹೊಂಟೋಳಂಗೆ ಕಳಿಸ್ತಾವ್ರೆ ನೋಡವ್ವ ನನ್ನ" ಎಂದು ಹೊಸಿಲಲ್ಲೇ ನಕ್ಕಳು.

ಆ ದಿನಗಳಲ್ಲಿ ನನ್ನ ಮನೆ ನನ್ನದೇ ಎಂದು ನನಗೆ ಗುರುತು ಹತ್ತುತ್ತಿರಲಿಲ್ಲ. ಅಜ್ಜಿ ಒಲೆಯ ಪಕ್ಕ ಗೋಡೆಗೊರಗಿ ಕೂರುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಮೇಷ್ಟ್ರ ಹೆಂಡತಿಯೊಬ್ಬಳು ತನ್ನ ಮದುವೆಯಲ್ಲಿ ಹೊಲಿಸಿದ ಅಳತೆಗೇ ಈಗಲೂ ರವಿಕೆ ಬೇಕೆಂದು ಹಟ ಹಿಡಿದಳು. ನಾನು ಟೇಪು ಸುತ್ತುತ್ತೇನೆ, ಟೇಪಿನ ಎರಡು ತುದಿ ಒಂದನ್ನೊಂದು ನೋಡುವುದೇ ಇಲ್ಲ. ಅವಳು ಹೋದ ಮೇಲೆ ಅಜ್ಜಿ ಒಳಗಿನಿಂದ, "ಅಮ್ಮಣ್ಣಿ, ಆ ರವ್ಕೇನ ಅವ್ಳ ಮಗಳಿಗೆ ಹೊಲ್ಕೊಡು, ಅವ್ಳಿಗೆ ಬೀಗದ ಕೈ ಕೊಡು" ಎಂದಳು. ಅದರಲ್ಲಿ ನಗುವಂಥದ್ದು ಏನಿತ್ತೋ ಇವತ್ತಿಗೂ ನನಗೆ ತಿಳಿಯದು. ಇಬ್ಬರೂ ಒಲೆಯ ಮೇಲಿದ್ದದ್ದು ಸೀಯುವವರೆಗೆ ನಕ್ಕೆವು. ಆ ಗೋಡೆ ಕಟ್ಟಿದಾಗಿನಿಂದ ಅದೇ ಮೊದಲು ನಗುವೆಂಬುದನ್ನು ಕಂಡದ್ದು.

ಕೋಮಲ ಮಾತ್ರ ಬರುವಂತಿರಲಿಲ್ಲ. ಅಜ್ಜಿಯನ್ನು ಕಂಡರೆ ಅವಳು ನಗುತ್ತಾಳೆ, ಆ ನಗುವನ್ನು ಮನೆಗೊಯ್ದು ಮತ್ತೆ ಅಲ್ಲಿ ನಗುತ್ತಾಳೆ ಎಂದು ಸಾಕಮ್ಮನಿಗೆ ಭಯ. ಹುಡುಗಿ ಬೀದಿ ನಲ್ಲಿಯಲ್ಲಿ ನೀರು ಹಿಡಿಯುವಾಗ ಅಜ್ಜಿ ಅಡುಗೆಮನೆಯ ಕಿಟಕಿಯಿಂದ ಮೂತಿ ಸೊಟ್ಟ ಮಾಡುತ್ತಿದ್ದಳು. ಅವಳು ದುಪಟ್ಟ ಬಾಯಿಗೊತ್ತಿ ಕೊಡ ಅಲ್ಲೇ ಬಿಟ್ಟು ಓಡಿಹೋಗುತ್ತಿದ್ದಳು. "ರವ್ಕೆ ವಿಸ್ಯ ಕೋಮಲಿಗೆ ಹೇಳ್ಬೇಕು. ನೆಪ್ಪು ಮಾಡವ್ವ, ಮರ್ತೋದೇನು" ಎಂದು ಅಜ್ಜಿ ನನಗೆ ಹೇಳಿಡುತ್ತಿದ್ದಳು. ಎಲೆಯಡಿಕೆ ಚೀಲ ಪ್ರತಿ ಸಂಜೆ ಬಾಗಿಲ ಬಳಿ ಬಂದು ಕೂರುತ್ತಿತ್ತು, ಬೆಳಿಗ್ಗೆ ವಾಪಸು ಒಲೆಯ ಹತ್ತಿರ ಹೋಗುತ್ತಿತ್ತು.

ಕೇಳುಗರ ಜೀಪು ಒಂದು ಸುಡುಬಿಸಿಲಿನ ಮಧ್ಯಾಹ್ನ ನಮ್ಮ ಬೀದಿಗೆ ಬಂತು. ಮೂವರು ಇಳಿದರು. ಹಿರಿಯ ಕೇಳುಗ ಬಿಳಿ ಕೋಟಿನವನು, ಕಿವಿಯಲ್ಲಿಟ್ಟ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಚೆಲುವಯ್ಯನ ಮನೆಯೊಳಗೆ ಹೋದ. ನಾನು ಬಾಗಿಲು ಮುಂದೆ ಮಾಡಿ ತಿರುಗಿ ನೋಡಿದರೆ ಅಜ್ಜಿ ಅಡುಗೆಮನೆಯಿಂದ ತೆವಳಿಕೊಂಡು ಬಂದು ನಡುಗೋಡೆಯ ಬುಡದಲ್ಲಿ ಕೂತಿದ್ದಾಳೆ. ನಾನು ಕೈಮಾಡಿ ಕರೆದೆ. ಅವಳು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಮೊಮ್ಮಗಳ ಹಣೆಬರಹ ತಾನೂ ಕೇಳಬೇಕೆಂದು ಹಣೆಯ ಮೇಲೆ ಬೆರಳಾಡಿಸಿ ಸನ್ನೆ ಮಾಡಿದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅರ್ಧ ಇಟ್ಟಿಗೆಯ ಗೋಡೆ, ಆಚೆಯ ಮಾತು ಒಂದೂ ತಪ್ಪುತ್ತಿರಲಿಲ್ಲ.

ಬಹಳ ಹೊತ್ತು ಕಾಲು ಸಪ್ಪಳ ಅತ್ತಿತ್ತ ಓಡಾಡಿತು. ಆಮೇಲೆ ಹಿರಿಯ ಕೇಳುಗನ ದನಿ ಬಂತು. "ಏನೂ ಕೇಳ್ತಾ ಇಲ್ಲ. ಆದ್ರೆ ಇಟ್ಟಿಗೆವರೆಗೂ ಕೆರೆದಿದೀರಲ್ಲ, ಯಾಕೆ?"

"ಜೌಗು ಸಾರ್. ಗೋಡೆ ಸವಳು ಹಿಡ್ದಿತ್ತು" ಎಂದ ಚೆಲುವಯ್ಯ. ಹೇಳಿಕೊಟ್ಟ ಪಾಠ ಒಪ್ಪಿಸುವ ದನಿ.

"ಈ ಬಿಸಿಲಲ್ಲಿ ಜೌಗೇನ್ರಿ? ಈ ಬೀದಿಯಲ್ಲಿ ಎಲ್ಲರ ಮನೆಗೂ ಈ ವರ್ಷವೇ ಜೌಗು ಬಂದಿದೆ. ಸಾವಾದ ಮನೆಯಾದರೆ ಕೆರೆದದ್ದನ್ನ ನಾವು ಒಪ್ಪಿಕೋತೀವಿ. ಅದಿಲ್ಲದೆ ಕೆರೆದಿದ್ರೆ ಮೋಸ ಅಂತಲೇ ಲೆಕ್ಕ. ಹುಡುಗಿ ಹೆಸರು ಇವತ್ತೇ ಹೊಡೆದು ಹಾಕಬೇಕಾಗತ್ತೆ." ಒಂದು ಗಳಿಗೆ ಬಿಟ್ಟು ಅವನೇ ಕೇಳಿದ. "ಮನೆಯಲ್ಲಿ ಸಾವೇನಾದ್ರೂ ಆಗಿದೆಯಾ?"

ಸಾಕಮ್ಮನ ಕೈಬಳೆ ಒಮ್ಮೆ ಸದ್ದು ಮಾಡಿತು.

"ಆಗದೆ ಸಾರ್" ಎಂದ ಚೆಲುವಯ್ಯ.

"ಯಾರು?"

"ನಮ್ಮವ್ವ."

ಹೇಳಿದವನೇ ಗೊಳೋ ಎಂದು ಅತ್ತ. ನಟನೆಯಲ್ಲ, ನಿಜವಾದ ಅಳುವೇ. ನಾನು ಅಜ್ಜಿಯ ಮುಖ ನೋಡದೆ ಗೋಡೆ ನೋಡಿದೆ. ಕೇಳುಗ ಗಂಟಲು ಸರಿಮಾಡಿಕೊಂಡ. ಆ ಮನುಷ್ಯನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ ಎಂದು ಕಾಣುತ್ತದೆ, ಮಗಳ ಕಡೆ ತಿರುಗಿದ.

"ಏನಮ್ಮ, ಅಜ್ಜಿ ಹೋದದ್ದು ನಿಜವಾ?"

ಆ ಹುಡುಗಿ ಏನು ಹೇಳಬೇಕಿತ್ತು? ಅದೊಂದು ಮಾತಿನಲ್ಲಿ ಅವಳ ಓದು ನಿಂತಿತ್ತು. ಇಲ್ಲ ಅಂದರೆ ಅಪ್ಪ ಮೋಸಗಾರ, ಸೀಟು ಬೇರೆಯವರ ಪಾಲು. ಕೋಮಲ ಶಾಲೆಯಲ್ಲಿ ಪ್ರಶ್ನೆಗೆ ಉತ್ತರ ಕೊಡುವಷ್ಟು ಸ್ಪಷ್ಟವಾಗಿ ಹೇಳಿದಳು. "ಹೂಂ ಸಾರ್. ಅಜ್ಜಿ ತುಂಬಾ ನಗ್ತಿದ್ರು. ಹೋದ್ಮೇಲೆ ಅದನ್ನ ಕೇಳಕ್ಕಾಗ್ದೆ ಅಪ್ಪ ಎಲ್ಲಾ ಕೆರೆದುಬಿಟ್ರು."

ಜಾಣ ಹುಡುಗಿ. ಕೇಳುಗನ ದನಿ ಮೆತ್ತಗಾಯಿತು. "ಸಮಾಧಾನ ಮಾಡ್ಕೊಳ್ಳಿ" ಎಂದ. ಬೇರೆ ದಿನವಾಗಿದ್ದರೆ ಈ ಮಾತಿಗೆ ಅಜ್ಜಿ ಉರುಳಾಡಿ ನಗುತ್ತಿದ್ದಳು. ಈಗಲೂ ನಕ್ಕರೆ ಎಲ್ಲ ಮಣ್ಣುಪಾಲು ಎಂದು ನಾನು ನನ್ನ ಅಂಗೈಯನ್ನು ಅವಳ ಬಾಯಿಗೆ ಒತ್ತಿಹಿಡಿದೆ. ಒತ್ತಿ ಹಿಡಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಜೀಪು ಹೋದ ಮೇಲೆ ಅವಳು ಬಾಯಿಂದ ಸೆರಗು ತೆಗೆದು, ಒದ್ದೆಯಾದ ಭಾಗವನ್ನು ಹಿಂಡಿ, ಸರಿಮಾಡಿ ಹೊದ್ದುಕೊಂಡಳು.

"ಹಾಲುಕ್ತಾ ಅದೆ, ನೋಡವ್ವ" ಎಂದಳು.

ನಿಧಿ ಕೋಮಲಳಿಗೇ ಸಿಕ್ಕಿತು. ಸುದ್ದಿ ತಿಳಿದ ಸಂಜೆ ಚೆಲುವಯ್ಯ ತಾಯಿಯನ್ನು ಕರೆದೊಯ್ಯಲು ಬಂದ. ಹೊಸಿಲಾಚೆಯೇ ನಿಂತ. ಅವನಿಗೆ ನಾಲ್ಕು ಮಾತು ಅನ್ನಬೇಕೆಂದು ನಾನು ಬಾಯಿ ತೆರೆದೆ. ಉಗುರಿನಲ್ಲಿ ಇನ್ನೂ ಸುಣ್ಣ ಕಟ್ಟಿಕೊಂಡಿದ್ದ ಅವನ ಕೈ ಕಂಡಿತು, ಅವನನ್ನು ಬಿಟ್ಟೆ. ಗೋಡೆಗೆ ಕಿವಿಯಿಟ್ಟು ಅಪರಂಜಿ ಬಡವರನ್ನು ಹುಡುಕಲು ಹೊರಟ ಆ ನಿಧಿಯವರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈದೆ.

"ಬಾರವ್ವ, ಮನೆಗೋಗನ" ಎಂದ ಅವನು.

ಅಜ್ಜಿ ರಾಗಿ ಹಸನು ಮಾಡುತ್ತಿದ್ದಳು. "ಕೇಳೋರು ವರ್ಷ ವರ್ಷವೂ ಬತ್ತಾರಂತಲ್ಲಪ್ಪ."

"ಬತ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಎಲ್ಲಾ ವಾಪಸ್ ಕಟ್ಬೇಕು, ಕಾಲೇಜ್ನಿಂದ್ಲೂ ತೆಗೀತಾರೆ."

"ಮತ್ತೆ ಸತ್ತೋಳ್ನ ಕರ್ಕಂಡೋಗಿ ಎಲ್ಲಿ ಕೂರುಸ್ತೀಯ? ಓದ್ಲಿ ಬುಡು ಮಗ. ನಾನಿಲ್ಲೇ ಇರ್ತೀನಿ."

ಕೋಪದಲ್ಲಿ ಹೇಳಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸಹಜವಾಗಿ, ಮೊರದಿಂದ ಕಣ್ಣೆತ್ತದೆ ಹೇಳಿದಳು. ಚೆಲುವಯ್ಯ ಒಳಗೆ ಬಂದು ಅವಳ ಕಾಲಿಗೆ ಹಣೆ ಮುಟ್ಟಿಸಿದ. ಅವಳು ರಾಗಿ ಮೆತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟಳು. ಅಂದಿನಿಂದ ಎಲೆಯಡಿಕೆ ಚೀಲ ಬಾಗಿಲ ಬಳಿ ಬರುವುದು ನಿಂತಿತು.

ನಿಧಿ ಹಂಚುವ ಸಮಾರಂಭಕ್ಕೆ ಊರೆಲ್ಲ ಹೋಗಿತ್ತು, ನಾನೂ ಹೋಗಿದ್ದೆ. ಅಧ್ಯಕ್ಷರು ಒಬ್ಬೊಬ್ಬ ಮಗುವಿನ ಕಷ್ಟವನ್ನೂ ಮೈಕಿನಲ್ಲಿ ವರ್ಣಿಸಿದರು. ಕೋಮಲಳ ಸರದಿ ಬಂದಾಗ, ಪ್ರೀತಿಯ ಅಜ್ಜಿಯನ್ನು ಕಳೆದುಕೊಂಡ ದುಃಖದಲ್ಲೂ ಓದಿನ ಛಲ ಬಿಡದ ಹೆಣ್ಣುಮಗಳು ಎಂದರು. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಅಡುಗೆಮನೆಯಲ್ಲಿದ್ದಾಳೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಗೊತ್ತಿದ್ದವರೇ ಜೋರಾಗಿ ತಟ್ಟಿದರು. ನಾಳೆ ಅವರ ಮಕ್ಕಳಿಗೂ ನಿಧಿ ಬೇಕಲ್ಲ. ಆಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಫೋಟೋದವನು ಅಭ್ಯಾಸಬಲದಿಂದ ಸ್ವಲ್ಪ ನಗಿ ಎಂದ. ಅಧ್ಯಕ್ಷರು ಅವನನ್ನು ಗದರಿಸಿದರು.

ಅಜ್ಜಿ ಸತ್ತಿರುವುದಕ್ಕೆ ಬೀದಿ ಬೇಗ ಹೊಂದಿಕೊಂಡಿತು. ಹಾಲಿನವನು ಅವಳ ಪಾತ್ರೆಗೆ ಹಾಲು ಹೊಯ್ದು ಮಾತಾಡಿಸದೆ ಹೋಗುತ್ತಿದ್ದ. ಎದುರು ಮನೆಯವರು ಅವಳು ಹಿತ್ತಲಿನಲ್ಲಿ ಕಂಡರೆ ಆಕಾಶ ನೋಡುತ್ತಿದ್ದರು. ವೃದ್ಧಾಪ್ಯ ವೇತನ ತಂದ ಪೋಸ್ಟ್‌ಮ್ಯಾನ್ ಮಾತ್ರ ತಲೆ ಕೆರೆದುಕೊಂಡು, "ಅಜ್ಜಿ, ನೀವು ಇದೀರೋ ಇಲ್ವೋ, ನನಗೊಂದೂ ತಿಳೀತಿಲ್ಲ" ಎಂದ.

"ಎಲ್ಲಿ ಇದ್ರೆ ದುಡ್ ಬತ್ತದೋ ಅಲ್ಲಿ ಇವ್ನಿ ಕಣಪ್ಪ. ಎಲ್ಲಿ ಇಲ್ದಿದ್ರೆ ಬತ್ತದೋ ಅಲ್ಲಿ ಇಲ್ಲ" ಎಂದು ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಪೋಸ್ಟ್‌ಮ್ಯಾನ್ ಬಿದ್ದು ಬಿದ್ದು ನಕ್ಕ. ಅಜ್ಜಿ ನಗಲಿಲ್ಲ. ಗೋಡೆಯ ಆಚೆಯಿಂದ ಆ ಮಾತು ಬಂದ ಮಧ್ಯಾಹ್ನದಿಂದ ಅವಳು ನಕ್ಕಿರಲೇ ಇಲ್ಲ. ಮುನಿಸಿಕೊಂಡು ಕೂತವಳಲ್ಲ. ಉಣ್ಣುತ್ತಿದ್ದಳು, ಮಾತಾಡುತ್ತಿದ್ದಳು, ಚಾಟಿಯಂಥ ಮಾತನ್ನೇ ಆಡುತ್ತಿದ್ದಳು. ನಾನು ಮೇಷ್ಟ್ರ ಹೆಂಡತಿಯ ರವಿಕೆಯ ಕತೆ ತೆಗೆದೆ. ಬೆಕ್ಕು ಹಿಟ್ಟಿನ ಡಬ್ಬಕ್ಕೆ ಬಿದ್ದು ಬೆಳ್ಳಗಾಗಿ ಎದ್ದು ಬಂದದ್ದನ್ನು ಕರೆದು ತೋರಿಸಿದೆ. "ಚೆನ್ನಾಗದೆ" ಎಂದಳು. ಒಬ್ಬಳೇ ನಗಲು ನನಗೆ ನಾಚಿಕೆಯಾಗಿ ನಾನೂ ಬಿಟ್ಟೆ.

ಕೋಮಲ ಒಂದು ವರ್ಷದ ಓದು ಮುಗಿಸಿ ರಜೆಗೆ ಬಂದಳು. ಅದೇ ಹೊತ್ತಿಗೆ ಕೇಳುಗರೂ ಬರುವವರಿದ್ದರು. ಎರಡನೇ ವರ್ಷಕ್ಕೂ ನಿಧಿ ಮುಂದುವರಿಯಬೇಕಾದರೆ ಗೋಡೆಯನ್ನು ಇನ್ನೊಮ್ಮೆ ಕೇಳಬೇಕು. ಸಾವಾದ ಮನೆಯೆಂದು ಬರೆಸಿದ್ದರಿಂದ ವರ್ಷದ ತಿಥಿಯನ್ನೂ ನೋಡಬೇಕೆಂದು ಹೇಳಿಕಳಿಸಿದ್ದರು. ಚೆಲುವಯ್ಯ ತಲೆ ಬೋಳಿಸಿಕೊಂಡು ಎಡೆ ಇಟ್ಟ. ಸಾಕಮ್ಮ ವಡೆ ಕರಿದಳು. ಅಜ್ಜಿ ಯಾರೂ ಹೇಳದೆಯೇ ನನ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂತಳು. ತನ್ನ ತಿಥಿಯ ಅಡುಗೆಯ ವಾಸನೆ ಬರುವಾಗ ಒಮ್ಮೆ ಮೂಗರಳಿಸಿ, "ಎಣ್ಣೆ ಕಾದಿಲ್ಲ ಇನ್ನ" ಎಂದಳು.

ಜೀಪು ಹೋದ ಮೇಲೆ ಕೋಮಲ ಎಲೆಯಲ್ಲಿ ವಡೆ, ಪಾಯಸ ಇಟ್ಟುಕೊಂಡು ಬಂದಳು. ಬಡಕಲಾಗಿದ್ದಳು. ಅಜ್ಜಿಯನ್ನು ಅಪ್ಪಿಕೊಂಡು ಕೂತಳು. ಅಜ್ಜಿ ವಡೆ ಮುರಿದು ಬಾಯಿಗೆ ಹಾಕಿಕೊಂಡಳು. "ಉಪ್ಪು ಕಮ್ಮಿ. ನಿಮ್ಮವ್ವಂಗೆ ನಾನಿಲ್ದಿದ್ರೆ ಅಳ್ತೆ ಗೊತ್ತಾಗಲ್ಲ" ಎಂದಳು.

ಹುಡುಗಿ ಹಾಸ್ಟೆಲಿನ ಸುದ್ದಿ ಹೇಳಿದಳು. ಅಲ್ಲಿರುವವರೆಲ್ಲ ಇಂಥದೇ ನಿಧಿಗಳಲ್ಲಿ ಬಂದವರಂತೆ, ಊಟದ ಮನೆಯಲ್ಲಿ ತಟ್ಟೆಗಳ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲವಂತೆ. ಆಮೇಲೆ ಅಜ್ಜಿಗೆಂದೇ ಕಟ್ಟಿಕೊಂಡು ಬಂದಿದ್ದಳೋ ಏನೋ, ಎಮ್ಮೆಯೊಂದು ಪ್ರೊಫೆಸರರ ಸ್ಟೆತಾಸ್ಕೋಪನ್ನು ಹುಲ್ಲೆಂದು ಜಗಿದದ್ದು, ಅವರು ಎಮ್ಮೆಯ ಬಾಯಿಗೆ ಕೈಹಾಕಿ ಬಿಡಿಸಿಕೊಳ್ಳಲು ಹೋದರೆ ಎಮ್ಮೆ ಅವರ ಕೋಟಿನ ತೋಳನ್ನೂ ಎಳೆದುಕೊಂಡದ್ದು, ಎಲ್ಲವನ್ನೂ ಎದ್ದು ನಿಂತು ಎಮ್ಮೆಯ ಹಾಗೆ ದವಡೆ ಆಡಿಸಿ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಅಜ್ಜಿ ಪೂರ್ತಿ ಕೇಳಿ, "ಚೆನ್ನಾಗದೆ ಕಣ್ ಮಗ" ಎಂದು ಮತ್ತೊಂದು ಅವರೆಕಾಯಿ ಕೈಗೆತ್ತಿಕೊಂಡಳು.

ಕೋಮಲ ನಿಂತಲ್ಲೇ ನಿಂತಳು. ಆ ಮುಖ ನೋಡಲಾಗದೆ ನಾನು ಒಲೆಯ ಬೂದಿ ಕೆದಕಿದೆ. ಅವಳ ಮನೆಯಲ್ಲಿ ಕಿವಿಯಿಡಲು ಬರೀ ಇಟ್ಟಿಗೆ. ಬೆಳಿಗ್ಗೆ ಎಡೆಯ ಮುಂದೆ ಅಪ್ಪ, ಅಮ್ಮ, ಮಗಳು ಸಾಲಾಗಿ ಅದಕ್ಕೇ ಕಿವಿಯಿಟ್ಟು ಬಂದಿದ್ದರು, ಕೇಳುಗರ ಎದುರಿಗೆ. ಈಗ ಅವಳು ಒಲೆಯ ಪಕ್ಕಕ್ಕೆ ಹೋಗಿ, ಅಜ್ಜಿಯ ತಲೆಯ ಎಣ್ಣೆ ಹತ್ತಿ ಕಪ್ಪಾದ ಗೋಡೆಗೆ ಮೆಲ್ಲಗೆ ಕಿವಿಯಿಟ್ಟಳು. ಒಂದು ಮಾರು ದೂರದಲ್ಲಿ ಅಜ್ಜಿ ಕೂತಿದ್ದಳು. ಕೋಮಲಳ ಭುಜ ಅಲುಗಾಡಿತು, ತುಟಿ ಅಗಲವಾಯಿತು, ಕಣ್ಣಲ್ಲಿ ನೀರಿಳಿಯಿತು. ಅದು ರವಿಕೆಯ ದಿನದ ನಗುವೆಂದು ನನಗೆ ಗೊತ್ತಾಯಿತು. ಗೋಡೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ, ಆ ನಗು ಕೆಮ್ಮಿನವರೆಗೆ ಹೋಗಿ, ಮತ್ತೆ ನಗುವಾಗಿ, "ಅಯ್ಯೋ ಶಿವನೇ" ಇಲ್ಲದೆ ಅಲ್ಲಿಗೇ ಮುಗಿದುಹೋಗುತ್ತದೆ. ಮುಗಿದ ಮೇಲೂ ಹುಡುಗಿ ಕಿವಿ ತೆಗೆಯಲಿಲ್ಲ.

ಅಜ್ಜಿ ಅವಳನ್ನೇ ನೋಡುತ್ತಿದ್ದಳು.

"ಏನಂತಾಳವ್ವ ನಿಮ್ಮಜ್ಜಿ?" ಎಂದು ಕೇಳಿದಳು.

"ನಗ್ತಾವ್ಳೆ" ಎಂದಳು ಕೋಮಲ.

"ನಗ್ಲಿ ಬುಡು. ಒಳ್ಳೇ ಹೊತ್ನಲ್ಲಿ ಹೋದ್ಲು" ಎಂದು ಹೇಳಿ ಹೊನ್ನಜ್ಜಿ ಸುಲಿದ ಅವರೆಕಾಳನ್ನು ತಟ್ಟೆಗೆ ಹಾಕಿದಳು.